ಬ್ಯಾಟಿನ ಹತ್ತಿರ ನಿಂತವನು
(ಬಾನುಲಿ ಭಾಷಣ)

ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆಯನ್ನು ಬಾನುಲಿಯಲ್ಲಿ ಕೇಳಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಬೌಲರ್ ಬದಲಾದಾಗಲೆಲ್ಲ ವಿವರಣೆ ಕೊಡುವವರು ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಇಬ್ಬರು ಸ್ಲಿಪ್‌ನಲ್ಲಿ, ಒಬ್ಬ ಗಲ್ಲಿಯಲ್ಲಿ, ಒಬ್ಬ ಸಿಲ್ಲಿ ಪಾಯಿಂಟ್, ಒಬ್ಬ ಫಾರ್ವರ್ಡ್ ಶಾರ್ಟ್ ಲೆಗ್, ಹೀಗೆ. ಆ ಹೊತ್ತಿಗೆ ಸರಿಯಾಗಿ ಕೇಳುಗರಲ್ಲಿ ಒಬ್ಬರು ಚಹಾ ತರಲು ಏಳುತ್ತಾರೆ, ಇನ್ನೊಬ್ಬರು ಎಲೆಯಡಿಕೆಯ ಚೀಲ ಬಿಚ್ಚುತ್ತಾರೆ. ದಾಂಡಿಗನ ಹೆಸರು ಕಿವಿಗೆ ಬಿದ್ದಾಗ ಎಲ್ಲರೂ ಮತ್ತೆ ಸುಮ್ಮನಾಗುತ್ತಾರೆ. ನಾವು ಕೇಳದೆ ಬಿಟ್ಟ ಆ ಅರ್ಧ ನಿಮಿಷದ ಪಟ್ಟಿಯಲ್ಲಿರುವ ಜನರ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಆ ಜನರ ನಡುವೆ ನಮ್ಮ ಹತ್ತಿಕುಣಿಯ ಕಡೆಯ ಹುಡುಗರಿಗೂ ಒಂದು ಜಾಗ ಇದೆಯೆಂಬುದು ನನ್ನ ನಂಬಿಕೆ.

ಅನಿಲ್ ಕುಂಬ್ಳೆಯವರು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ಹುದ್ದರಿಗಳನ್ನು ಒಬ್ಬರೇ ಉರುಳಿಸಿದರು ಎಂಬುದನ್ನು ತಿಳಿಯದ ಕನ್ನಡಿಗ ಯಾರಿದ್ದಾನೆ? ಅದು 1999ರ ಫೆಬ್ರವರಿ 7ನೆಯ ತಾರೀಖು. 74 ಓಟಗಳಿಗೆ 10 ಹುದ್ದರಿ. ಆದರೆ ಆ ಹತ್ತರಲ್ಲಿ ಕ್ಯಾಚ್ ಎಷ್ಟು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ಸಿಗುವುದಿಲ್ಲ. ಐದು. ಒಂದನ್ನು ವಿಕೆಟ್ ಕೀಪರ್ ನಯನ್ ಮೊಂಗಿಯಾ ಹಿಡಿದರು, ಒಂದು ಸೌರವ್ ಗಂಗೂಲಿಯವರದು, ಒಂದು ನಮ್ಮ ರಾಹುಲ್ ದ್ರಾವಿಡ್ ಅವರದು, ಎರಡು ವಿ. ವಿ. ಎಸ್. ಲಕ್ಷ್ಮಣ್ ಅವರದು. ಐದೂ ಬ್ಯಾಟಿನ ಸಮೀಪ ನಿಂತವರ ಕೈಗೆ ಹೋದವು. ಕೊನೆಯ ವಾಸಿಂ ಅಕ್ರಮ್ ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣರ ಕೈಯಲ್ಲಿ ಸಿಕ್ಕಿದರು. ಆ ಐದರಲ್ಲಿ ಒಂದೇ ಒಂದು ನೆಲಕ್ಕೆ ಬಿದ್ದಿದ್ದರೂ ಹತ್ತರ ಮಾತು ಏನಾಗುತ್ತಿತ್ತೋ ಹೇಳಬರುವುದಿಲ್ಲ. ಕುಂಬ್ಳೆಯವರ ಹಿರಿಮೆಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಬೌಲರ್ ಚೆಂಡನ್ನು ಅಂಚಿಗೆ ತಾಗಿಸಬಲ್ಲ. ಅಲ್ಲಿಂದ ಮುಂದಿನದು ಇನ್ನೊಬ್ಬನ ಕೆಲಸ. ಆ ಇನ್ನೊಬ್ಬನನ್ನು ಮರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ, ಅಷ್ಟೆ.

ಹಿಂದಿನ ತಲೆಮಾರಿಗೆ ಹೋಗೋಣ. ಮೈಸೂರು ರಾಜ್ಯದ ಇಬ್ಬರು, ಎರ್ರಪಳ್ಳಿ ಪ್ರಸನ್ನ ಮತ್ತು ಬಿ. ಎಸ್. ಚಂದ್ರಶೇಖರ್, ಭಾರತದ ಸ್ಪಿನ್ ಬೌಲಿಂಗಿನ ಅರ್ಧ ಭಾರ ಹೊತ್ತವರು. ಬಾಲ್ಯದಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ಹುದ್ದರಿ ಪಡೆದರು. ಇವರೆಲ್ಲ ಚೆಂಡು ಎಸೆಯುವಾಗ ದಾಂಡಿಗನ ಮೂಗಿನ ಕೆಳಗೆ ಒಬ್ಬ ಮನುಷ್ಯ ಬಗ್ಗಿ ನಿಂತಿರುತ್ತಿದ್ದ. ಅವನ ಹೆಸರು ಏಕನಾಥ್ ಸೋಲ್ಕರ್. ಮುಂಬಯಿಯ ಹಿಂದೂ ಜಿಮಖಾನಾದಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದ ಮಾಲಿಯ ಮಗ.

1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ಎರಡನೆಯ ಸರದಿಯಲ್ಲಿ 101 ಓಟಕ್ಕೆ ಕುಸಿಯಿತು. ಚಂದ್ರಶೇಖರ್ 38ಕ್ಕೆ 6. ಇಂಗ್ಲೆಂಡಿನ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟು ಅದು. ಆ ಸರದಿಯಲ್ಲಿ ಫ್ಲೆಚರ್ ಅವರನ್ನು ಸೊನ್ನೆಗೆ ಹಿಡಿದವರು ಸೋಲ್ಕರ್. ವೆಂಕಟರಾಘವನ್ ಅವರ ಚೆಂಡಿಗೆ ಅಲನ್ ನಾಟ್ ಅವರನ್ನು ಒಂದು ಓಟಕ್ಕೆ ಹಿಡಿದವರೂ ಸೋಲ್ಕರ್. ಮುಂದಕ್ಕೆ ಮೈ ಚಾಚಿ, ನೆಲದ ಮೇಲೆ ಬಿದ್ದುಕೊಂಡೇ ಹಿಡಿದ ಕ್ಯಾಚ್. ನಾಟ್ ಆ ಸರಣಿಯುದ್ದಕ್ಕೂ ನಮಗೆ ತಲೆನೋವಾಗಿದ್ದ ಆಟಗಾರ. ಅವರು ಇನ್ನೊಂದು ಗಂಟೆ ನಿಂತಿದ್ದರೆ ಗೆಲ್ಲಲು ಬೇಕಾದ ಓಟ 173ರಲ್ಲಿ ನಿಲ್ಲುತ್ತಿರಲಿಲ್ಲ.

ಈಗ ಸೋಲ್ಕರ್ ಅವರ ಲೆಕ್ಕ ನೋಡಿ. 27 ಟೆಸ್ಟುಗಳು. ಬ್ಯಾಟಿನಲ್ಲಿ ಒಂದೇ ಶತಕ, ಸರಾಸರಿ 25ರ ಆಚೀಚೆ. ಬೌಲಿಂಗಿನಲ್ಲಿ ಹದಿನೆಂಟು ಹುದ್ದರಿ. ಇಷ್ಟನ್ನೇ ಬರೆದ ಚೀಟಿಯನ್ನು ಆಯ್ಕೆಗಾರರ ಮುಂದಿಟ್ಟರೆ ಇವನು ಸಾಧಾರಣ, ಮುಂದಿನವನನ್ನು ಕರೆಯಿರಿ ಎಂದಾರು. ಆದರೆ ಕ್ಯಾಚುಗಳು 53. ಪಂದ್ಯಕ್ಕೆ ಹೆಚ್ಚುಕಡಮೆ ಎರಡು. ಇಪ್ಪತ್ತು ಟೆಸ್ಟು ಆಡಿದ ಕ್ಷೇತ್ರರಕ್ಷಕರಲ್ಲಿ ಈ ಸರಾಸರಿಗೆ ಸಾಟಿಯಾಗಿ ನಿಂತವರನ್ನು ಹುಡುಕುವುದು ಕಷ್ಟ. ಅವರು ತಲೆಗೆ ಶಿರಸ್ತ್ರಾಣವನ್ನೂ ಹಾಕುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಡುವೆ ಸೇರಿಸಬೇಕು. ಅಂದು ಅವರು ಹಾಗೆ ನಿಂತರೆಂದು ಇಂದು ನಮ್ಮ ಮಕ್ಕಳನ್ನು ಬರಿದಲೆಯಲ್ಲಿ ಶಾರ್ಟ್ ಲೆಗ್‌ನಲ್ಲಿ ನಿಲ್ಲಿಸಬಾರದು. 1998ರ ಫೆಬ್ರವರಿಯಲ್ಲಿ ಢಾಕಾದ ಒಂದು ಕ್ಲಬ್ ಪಂದ್ಯದಲ್ಲಿ ಭಾರತದ ಆಟಗಾರ ರಮಣ್ ಲಾಂಬಾ ಅದೇ ಜಾಗದಲ್ಲಿ ಶಿರಸ್ತ್ರಾಣವಿಲ್ಲದೆ ನಿಂತಿದ್ದಾಗ ಚೆಂಡು ತಲೆಗೆ ಬಡಿದು, ಮೂರು ದಿನಗಳಲ್ಲಿ ತೀರಿಕೊಂಡರು. ಊರಿನ ತಂಡದಲ್ಲಿ ಶಿರಸ್ತ್ರಾಣ ಇರುವುದು ಒಂದೇ ಆದರೆ, ಸ್ಪಿನ್ ಬೌಲಿಂಗಿನ ಹೊತ್ತಿನಲ್ಲಿ ಅದು ದಾಂಡಿಗನಿಗಿಂತ ಮೊದಲು ಆ ಹುಡುಗನ ತಲೆಗೆ ಹೋಗಬೇಕು. ಇದರಲ್ಲಿ ಚರ್ಚೆಯೇ ಬೇಡ.

ಸರಿ, ಸೋಲ್ಕರ್ ಅವರ ಕ್ಯಾಚುಗಳಾದರೂ ಲೆಕ್ಕದ ಪುಸ್ತಕದಲ್ಲಿ ಉಳಿದವು. ಉಳಿಯದೆ ಹೋದದ್ದೇ ಹೆಚ್ಚು. ರಣಜಿ ಟ್ರೋಫಿಯ 1973-74ರ ಸೆಮಿಫೈನಲ್ಲನ್ನು ನೆನಪು ಮಾಡಿಕೊಳ್ಳಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಇನ್ನೂ ಕೆಲವೇ ತಿಂಗಳು. ಹದಿನೈದು ವರ್ಷ ಸತತವಾಗಿ ಟ್ರೋಫಿ ಗೆದ್ದಿದ್ದ ಮುಂಬಯಿ ತಂಡ ಬೆಂಗಳೂರಿಗೆ ಬಂದಿತ್ತು. ಜಿ. ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ನಮ್ಮದು 385. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದನ್ನು ಮುದುಕರು ಇಂದಿಗೂ ಕೈ ತಿರುಗಿಸಿ ತೋರಿಸುತ್ತಾರೆ. ಆದರೆ ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ಕಾಲು ಜಾರಿ ರನ್ ಔಟ್ ಆದದ್ದೂ ಅಷ್ಟೇ ದೊಡ್ಡ ತಿರುವು. ಮುಂಬಯಿ 307ಕ್ಕೆ ಮುಗಿಯಿತು, ಮೊದಲ ಸರದಿಯ ಮುನ್ನಡೆಯ ಮೇಲೆ ನಾವು ಫೈನಲ್ ಸೇರಿದೆವು; ಮುಂದೆ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದೆವು. ಆ ಕಾಲದ ಅಂಕಪಟ್ಟಿಯ ಪದ್ಧತಿಯಂತೆ ವಾಡೇಕರ್ ಹೆಸರಿನ ಮುಂದೆ ಇರುವುದು ‘ರನ್ ಔಟ್’ ಎಂಬ ಎರಡು ಮಾತು. ಓಡಿ ಚೆಂಡನ್ನು ತಡೆದವನಾರು, ಎಸೆದವನಾರು, ಹುದ್ದರಿಯ ಹತ್ತಿರ ಹಿಡಿದವನಾರು, ಅದರಲ್ಲಿ ಬರೆಯಲು ಜಾಗವೇ ಇರಲಿಲ್ಲ. ಈಚೆಗೆ ಆವರಣದೊಳಗೆ ಒಂದೆರಡು ಹೆಸರು ಹಾಕುವ ರೂಢಿ ಬಂದಿದೆ. ಕೈಬಿಟ್ಟ ಕ್ಯಾಚಿಗೆ ಮಾತ್ರ ಅಂಕಪಟ್ಟಿಯಲ್ಲಿ ಇಂದಿಗೂ ಮನೆಯಿಲ್ಲ.

ಅಮೆರಿಕದವರ ಬೇಸ್‌ಬಾಲ್ ಆಟ ಈ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟು. ಈಗ ಮೊಬೈಲಿನಲ್ಲಿ ಬೆಳಗಿನ ಜಾವ ಆ ಆಟವನ್ನು ನಮ್ಮ ಊರಿನಲ್ಲಿ ಕೂತೇ ನೋಡಬಹುದು; ನಾನು ನೋಡುವ ಚಟ ಹತ್ತಿಸಿಕೊಂಡಿದ್ದೇನೆ. ವಜ್ರದ ಆಕಾರದ ಒಳಮೈದಾನ, ಮೂಲೆಗೊಂದು ನೆಲೆ, ಒಂದು ನೆಲೆಯಿಂದ ಇನ್ನೊಂದಕ್ಕೆ 90 ಅಡಿ. ಹೊಡೆದವನು ಮೊದಲ ನೆಲೆ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸಾಕು. ಅಷ್ಟರೊಳಗೆ ಒಳಮೈದಾನದ ನಾಲ್ವರಲ್ಲಿ ಒಬ್ಬ ನೆಲಕ್ಕೆ ತಾಗಿ ಬರುವ ಚೆಂಡನ್ನು ಎತ್ತಿ ಎಸೆಯಬೇಕು. ಆ ಆಟದ ಫಲಕದಲ್ಲಿ ಪ್ರತಿ ತಂಡದ ಮುಂದೆ ಮೂರು ಅಂಕಿಗಳಿರುತ್ತವೆ: ಓಟ ಎಷ್ಟು, ಹೊಡೆತ ಎಷ್ಟು, ತಪ್ಪು ಎಷ್ಟು. ಹೌದು, ಕ್ಷೇತ್ರರಕ್ಷಕ ಹಿಡಿಯಬೇಕಾಗಿದ್ದ ಚೆಂಡನ್ನು ಬಿಟ್ಟರೆ ಅದು ಊರೆಲ್ಲ ನೋಡುವ ಫಲಕದ ಮೇಲೆ ಬರುತ್ತದೆ! ಪುಣ್ಯವೂ ಹಾಗೆಯೇ ಬರುತ್ತದೆ. ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆಯುಂಟು. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಎಂಬವನದು 6. ಅವನು ಎತ್ತಿದ ಚೆಂಡು 4ನೆಯವನ ಕೈಗೆ, ಅಲ್ಲಿಂದ 3ನೆಯವನ ಕೈಗೆ ಹೋಗಿ ಇಬ್ಬರು ಔಟಾದರೆ ಪುಸ್ತಕದಲ್ಲಿ 6-4-3 ಎಂದು ಬರೆಯುತ್ತಾರೆ. ಐವತ್ತು ವರ್ಷ ಕಳೆದ ಮೇಲೆ ಆ ಪುಟ ತೆರೆದರೂ ಮೂವರ ಕೈಗಳೂ ಅಲ್ಲಿ ಕಾಣುತ್ತವೆ.

ಅಲ್ಲಿ ಆಝೀ ಸ್ಮಿತ್ ಎಂಬೊಬ್ಬ ಶಾರ್ಟ್‌ಸ್ಟಾಪ್ ಇದ್ದ. ಹತ್ತೊಂಬತ್ತು ಋತುಗಳ ಆಟದಲ್ಲಿ ಅವನು ಹೊಡೆದ ಹೋಮ್ ರನ್ ಬರೀ 28. ದೊಡ್ಡ ಹೊಡೆತಗಾರರು ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಹೊಡೆಯುತ್ತಾರೆ. ಆದರೆ ಕ್ಷೇತ್ರರಕ್ಷಣೆಗೆಂದು 1957ರಿಂದ ಕೊಡುತ್ತ ಬಂದಿರುವ ಚಿನ್ನದ ಕೈಗವಸಿನ ಪ್ರಶಸ್ತಿಯನ್ನು ಅವನು 1980ರಿಂದ 1992ರವರೆಗೆ ಹದಿಮೂರು ವರ್ಷ ಬಿಡದೆ ಪಡೆದ. 2002ರಲ್ಲಿ ಅವನನ್ನು ಆ ಆಟದ ಮಹನೀಯರ ಸಾಲಿಗೆ ಸೇರಿಸಿದರು. ಕೈಚಳಕವನ್ನು ಎಣಿಸುವ ಪದ್ಧತಿ ಇದ್ದದ್ದರಿಂದಲೇ ಆ ಮಾನ ಬಂತು ಎಂದು ನನಗನ್ನಿಸುತ್ತದೆ.

ಹೊಸ ಹುಡುಗರನ್ನು ಹುಡುಕಿಕೊಂಡು ಊರೂರು ತಿರುಗುವ ಅಲ್ಲಿನ ಶೋಧಕರು ಐದು ಗುಣಗಳನ್ನು ಗುರುತು ಹಾಕುತ್ತಾರೆ. ಹೊಡೆತದ ಹದ, ಹೊಡೆತದ ಬಲ, ಕಾಲಿನ ವೇಗ, ಹಿಡಿತ, ಎಸೆತ. ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ. ಐದರಲ್ಲಿ ಮೂರಕ್ಕೆ ಬ್ಯಾಟಿನ ಸಂಬಂಧವೇ ಇಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಕಡೆ ಆಯ್ಕೆ ಹೇಗೆ ನಡೆಯುತ್ತದೆ? ನಾನು ನೋಡಿದ ಆಯ್ಕೆಗಳಲ್ಲಿ ಹುಡುಗ ಸಾಲಿನಲ್ಲಿ ಎರಡು ಗಂಟೆ ನಿಲ್ಲುತ್ತಾನೆ. ಸರದಿ ಬಂದಾಗ ಆರೋ ಎಂಟೋ ಚೆಂಡು ಆಡಲು ಕೊಡುತ್ತಾರೆ. ಸ್ವಂತ ಬ್ಯಾಟು, ಪ್ಯಾಡು ಇದ್ದವನು ತನ್ನ ಅಳತೆಯದನ್ನು ಕಟ್ಟಿಕೊಂಡು ಬಂದಿರುತ್ತಾನೆ. ಇಲ್ಲದವನು ಇನ್ನೊಬ್ಬನ ಉದ್ದದ ಪ್ಯಾಡು ಕಟ್ಟಿಕೊಂಡು ತಡವರಿಸುತ್ತಾನೆ. ನಾಲ್ಕು ತಪ್ಪಿದರೆ ಮುಗಿಯಿತು, ಹೆಸರಿನ ಮುಂದೆ ಗೀಟು. ಅವನ ಕೈ ಹೇಗಿದೆ ಎಂದು ನೋಡುವ ಹೊತ್ತಿಗೆ ಸಂಜೆಯಾಗಿರುತ್ತದೆ. ನೋಡಿದರೂ ಅದು ಆಕಾಶಕ್ಕೆ ಎತ್ತಿ ಹೊಡೆದ ಎರಡು ಚೆಂಡು ಹಿಡಿಸುವ ಶಾಸ್ತ್ರ.

ಇದರಲ್ಲಿ ಪೆಟ್ಟು ತಿನ್ನುವವನು ಬಡವರ ಮನೆಯ ಹುಡುಗ. ಒಳ್ಳೆಯ ಬ್ಯಾಟಿಗೆ ಸಾವಿರಗಟ್ಟಲೆ ರೂಪಾಯಿ. ಪ್ಯಾಡು, ಕೈಗವಸು, ಬೂಟು ಬೇರೆ. ಕ್ಯಾಚ್ ಹಿಡಿಯಲು ದೇವರು ಕೊಟ್ಟ ಎರಡು ಕೈ ಸಾಕು. ಕ್ರಿಕೆಟ್ಟಿನಲ್ಲಿ ದುಡ್ಡಿಲ್ಲದೆ ಕಲಿಯಬಹುದಾದ ವಿದ್ಯೆ ಇದೊಂದೇ ಎಂದರೂ ನಡೆದೀತು. ಅದನ್ನೇ ನಾವು ಎಣಿಕೆಗೆ ತೆಗೆದುಕೊಳ್ಳದೆ ಹೋದರೆ ಅವನು ಬಾಗಿಲ ಹೊರಗೇ ಉಳಿಯುತ್ತಾನೆ. ಮಾಲಿಯ ಮಗನೊಬ್ಬ ಟೆಸ್ಟು ಆಡಿದ್ದು ಕೈಗಳನ್ನು ನೋಡಬಲ್ಲ ಕಣ್ಣು ಆ ಊರಿನಲ್ಲಿ ಇದ್ದುದರಿಂದ.

ನಮ್ಮ ನೆಲ ಇದಕ್ಕೆ ಒದಗಿಬರುವ ನೆಲ ಎಂದರೆ ನಗಬೇಡಿ. ಹತ್ತಿಕುಣಿಯ ಕೆರೆಯ ಕೆಳಗಿನ ನೀರಾವರಿ ಹೊಲ ಬಿಟ್ಟರೆ ಉಳಿದ ಕಡೆ ಹುಡುಗರು ಆಡುವುದು ಜೋಳ ಕೊಯ್ದ ಮೇಲೆ. ಕೂಳೆ ಕಾಲಿಗೆ ಚುಚ್ಚುತ್ತದೆ. ಎರಿ ಹೊಲದಲ್ಲಿ ಬಿಸಿಲಿಗೆ ಬಿರುಕು ಬಿಟ್ಟ ನೆಲ. ಅಲ್ಲಿ ಪುಟಿದ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ಎಸೆದವನಿಗೂ ಗೊತ್ತಿಲ್ಲ. ಇಂಥ ನೆಲದಲ್ಲಿ ಚೆಂಡು ತಡೆದು ರೂಢಿಯಾದವನ ಕಣ್ಣು ಕೊನೆಯ ಗಳಿಗೆಯವರೆಗೂ ಚೆಂಡನ್ನು ಬಿಡುವುದಿಲ್ಲ. ಆಡುವುದು ಟೆನ್ನಿಸ್ ಚೆಂಡಿನಲ್ಲಿ. ಕೈ ಬಿರುಸಾಗಿಟ್ಟರೆ ಟೆನ್ನಿಸ್ ಚೆಂಡು ಪುಟಿದು ಹೊರಗೆ ಹಾರುತ್ತದೆ. ಕೈಯನ್ನು ಅದರ ಜೊತೆಗೇ ಹಿಂದಕ್ಕೆ ತರಬೇಕು. ಸ್ಲಿಪ್‌ನಲ್ಲಿ ನಿಲ್ಲುವವನಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ ತಾನೆ? ನಮ್ಮ ಹುಡುಗರಿಗೆ ಬರದಿರುವುದು ಹಾರಿ ಬೀಳುವುದು. ಕೂಳೆಯ ಮೇಲೆ, ಕಲ್ಲಿನ ಮೇಲೆ ಯಾರು ಬಿದ್ದಾರು? ಆದ್ದರಿಂದ ಹುಲ್ಲಿನ ಮೈದಾನಕ್ಕೆ ಹೋದಾಗ ಇವರು ಕವರ್‌ನಲ್ಲಿ, ಮಿಡ್ ವಿಕೆಟ್‌ನಲ್ಲಿ ಪೇಟೆಯ ಹುಡುಗರ ಮುಂದೆ ಮಂಕಾಗಿ ಕಾಣುತ್ತಾರೆ. ಅದೇ ಹುಡುಗರನ್ನು ಸ್ಲಿಪ್‌ಗೆ ಕರೆದು ನಿಲ್ಲಿಸಿದರೆ ಬೇರೆಯೇ ಕಾಣುತ್ತಾರೆ. ಬೀಳುವುದನ್ನು ಹದಿನೈದು ದಿನ ಮರಳ ರಾಶಿಯ ಮೇಲೆ ಕಲಿಸಬಹುದು. ಮೆತ್ತನೆಯ ಕೈಗಳನ್ನು ಹದಿನೈದು ದಿನದಲ್ಲಿ ಕಲಿಸಲು ಆಗುವುದಿಲ್ಲ.

ಈ ಮೆತ್ತನೆಯ ಕೈ ಎಂಬುದಕ್ಕೆ ನಮ್ಮ ನಾಡಿನಲ್ಲಿ ದ್ರಾವಿಡ್ ಅವರಿಗಿಂತ ದೊಡ್ಡ ನಿದರ್ಶನ ಬೇಡ. ಶಾಲೆಯ ದಿನಗಳಲ್ಲಿ ವಿಕೆಟ್ ಕೀಪರ್ ಆಗಿದ್ದವರು, ಮುಂದೆ ಸ್ಲಿಪ್‌ಗೆ ಬಂದರು. 164 ಟೆಸ್ಟುಗಳಲ್ಲಿ 210 ಕ್ಯಾಚ್. ವಿಕೆಟ್ ಕೀಪರ್ ಅಲ್ಲದವರಲ್ಲಿ ಇನ್ನೂರು ದಾಟಿದ ಮೊದಲಿಗರು. ಅದರಲ್ಲಿ ಐವತ್ತಕ್ಕೂ ಹೆಚ್ಚು ಕುಂಬ್ಳೆಯವರ ಚೆಂಡಿಗೆ ಹಿಡಿದವು. ಇಬ್ಬರು ಕನ್ನಡಿಗರ ನಡುವಿನ ಆ ಒಪ್ಪಂದದಲ್ಲಿ ಎಷ್ಟು ದಾಂಡಿಗರು ಸಿಕ್ಕಿಬಿದ್ದರು! ದಾಖಲೆ ಬಹುಕಾಲ ನಿಂತಿತ್ತು. 2025ರ ಜುಲೈಯಲ್ಲಿ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋ ರೂಟ್ ಅದನ್ನು ದಾಟಿದರು. ದಾಟಿಸಿದ ಕ್ಯಾಚ್ ಯಾರದು ಗೊತ್ತೇ? ನಮ್ಮ ಕರುಣ್ ನಾಯರ್ ಅವರದು. ಕನ್ನಡಿಗನ ದಾಖಲೆ ಕನ್ನಡಿಗನ ಬ್ಯಾಟಿನ ಅಂಚಿನಿಂದಲೇ ಹೋಯಿತು. 2018ರ ಇಂಗ್ಲೆಂಡ್ ಪ್ರವಾಸವನ್ನೂ ಹೇಳಬೇಕು. ಆ ಸರಣಿಯ ಹೆಚ್ಚಿನ ಭಾಗ ಓಟಕ್ಕೆ ಪರದಾಡಿದ ಕೆ. ಎಲ್. ರಾಹುಲ್ ಸ್ಲಿಪ್‌ನಲ್ಲಿ 14 ಕ್ಯಾಚ್ ಹಿಡಿದರು. ಅವರ ಮೇಲೆ ಅಂದು ಬಂದ ಟೀಕೆಯೆಲ್ಲ ಬ್ಯಾಟಿನ ಬಗೆಗೆ. ಕೈಗಳ ಬಗೆಗೆ ಬಂದ ಹೊಗಳಿಕೆ ನನ್ನ ಕಿವಿಗೆ ಬಿದ್ದದ್ದು ಸ್ವಲ್ಪ.

ಬ್ಯಾಟೂ ಬೇಡ, ಬೌಲಿಂಗೂ ಬೇಡ, ಹಿಡಿಯಲು ಬಂದರೆ ಸಾಕು ಎಂದು ನಾನು ವಾದಿಸುತ್ತಿಲ್ಲ. ಹಾಗೆ ನಂಬಿದ ಹುಡುಗನಿಗೆ ದಾರಿ ತಪ್ಪುತ್ತದೆ. ಸೋಲ್ಕರ್ ಅವರೂ ತಂಡ ಕಷ್ಟದಲ್ಲಿದ್ದಾಗ ಬ್ಯಾಟು ಹಿಡಿದು ನಿಂತವರು. ನನ್ನ ಮಾತು ಇಷ್ಟು: ಇಬ್ಬರು ಹುಡುಗರು ಓಟದಲ್ಲಿ ಹೆಚ್ಚುಕಡಮೆ ಸಮ ಇದ್ದಾಗ, ಅಥವಾ ಒಬ್ಬ ಐದಾರು ಓಟ ಹಿಂದೆ ಇದ್ದಾಗಲೂ, ಪಂದ್ಯಕ್ಕೆ ಒಂದು ಕ್ಯಾಚ್ ಹೆಚ್ಚು ಹಿಡಿಯುವವನನ್ನೇ ತೆಗೆದುಕೊಳ್ಳಿ. ಬಿಟ್ಟ ಕ್ಯಾಚಿನ ದಾಂಡಿಗ ಆ ಬಳಿಕ ಹೊಡೆಯುವ ನಲವತ್ತು ಐವತ್ತು ಓಟ ಯಾರ ಖಾತೆಗೂ ಸೇರುವುದಿಲ್ಲ, ತಂಡವೇ ಅದನ್ನು ತೆರುತ್ತದೆ.

ದೂರದ ಊರಿನಿಂದ ಮೇಲೆ ಬರುವುದು ಆಗದ ಕೆಲಸವಲ್ಲ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಹುಬ್ಬಳ್ಳಿಗೆ ಹೋಗಿಬರುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿಗೆ ಬರೀ 6 ಓಟ ಕೊಟ್ಟು 5 ಹುದ್ದರಿ ಪಡೆದರು. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ 5 ಹುದ್ದರಿಗಳನ್ನು 15 ಓಟಕ್ಕೆ ಕೆಡವಿದರು. ಹೆಣ್ಣುಮಕ್ಕಳಿಗೆ ಮೈದಾನ ಸಿಗುವುದೇ ದುರ್ಲಭವಾದ ಕಡೆಯಿಂದ ಹೋದವರು ಅವರು. 2022ರ ಮಹಾರಾಜ ಟ್ರೋಫಿಯನ್ನು ಗೆದ್ದ ತಂಡಕ್ಕೆ ಗುಲಬರ್ಗಾದ ಹೆಸರಿತ್ತು; ನಾಯಕ ಮನೀಷ್ ಪಾಂಡೆ ಸ್ವತಃ ಚುರುಕಾದ ಕ್ಷೇತ್ರರಕ್ಷಕ. ಗೆಲುವಿನ ದಿನ ಯಾದಗಿರಿಯಲ್ಲಿ ನಾವೂ ಖುಷಿಪಟ್ಟೆವು. ಆದರೆ ಹೆಸರು ನಮ್ಮದಾದರೆ ಸಾಲದು. ಹನ್ನೊಂದರಲ್ಲಿ ಒಬ್ಬನಾದರೂ ಶಹಾಪುರ, ಸುರಪುರ, ಯಾದಗಿರಿ ಕಡೆಯ ಹುಡುಗನಾಗಿದ್ದರೆ ಆ ಖುಷಿಯ ರುಚಿಯೇ ಬೇರೆ.

ಅಡ್ಡಿ ಇನ್ನೊಂದಿದೆ, ಅದು ಆಟದ ಹೊರಗಿನದು. ಸುಗ್ಗಿ ಮುಗಿಯುತ್ತಲೇ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುತ್ತಾರೆ. ಹೊಲ ಖಾಲಿಯಾಗಿ ಆಟ ರಂಗೇರುವ ಕಾಲವೂ ಅದೇ. ಒಬ್ಬ ಹುಡುಗನನ್ನು ನಾನು ಮೂರು ವರ್ಷ ನೋಡಿದೆ. ಸ್ಲಿಪ್‌ನಲ್ಲಿ ಅವನ ಕೈಗೆ ಹೋದದ್ದು ಹಿಂದೆ ಬಂದದ್ದಿಲ್ಲ. ನಾಲ್ಕನೆಯ ವರ್ಷ ಅವನು ಕಾಣಲಿಲ್ಲ. ಅವನ ತಂದೆಯನ್ನು ಕೇಳಿದ್ದಕ್ಕೆ ಅವರು, ‘ಚೆಂಡ್ ಹಿಡದ್ರ ಹೊಟ್ಟಿ ತುಂಬತದೇನ್ರಿ ಸರ? ಅಲ್ಲಿ ದಿನಾ ಪಗಾರ ಅದ’ ಎಂದರು. ಅವರಿಗೆ ನಾನು ಏನು ಉತ್ತರ ಕೊಡಲಿ? ಆ ಮಾತು ನ್ಯಾಯದ ಮಾತು. ಆ ಹುಡುಗ ಹಿಡಿದ ಕ್ಯಾಚುಗಳು ಎಲ್ಲಿಯಾದರೂ ಬರೆದಿಟ್ಟಿದ್ದರೆ, ಆ ಹಾಳೆಯನ್ನು ಹಿಡಿದು ರಾಯಚೂರು ವಲಯದ ಆಟ ನೋಡುವ ಯಾರ ಬಳಿಗಾದರೂ, ಕ್ರೀಡಾ ವಸತಿನಿಲಯ ನಡೆಸುವವರ ಬಳಿಗಾದರೂ ಹೋಗಬಹುದಿತ್ತು. ನಮ್ಮ ಬಳಿ ಇದ್ದದ್ದು ಅವನು ಹೊಡೆದ ಓಟಗಳ ಪಟ್ಟಿ. ಅದು ಚಿಕ್ಕದಾಗಿತ್ತು.

ಹಾಗಾಗಿ ನಮ್ಮ ಊರಿನ ಪಂದ್ಯಗಳಲ್ಲಿ ಅಂಕ ಬರೆಯುವವರಿಗೆ ಒಂದು ಎರಡನೆಯ ಪುಟ ಕೊಟ್ಟಿದ್ದೇವೆ. ಖರ್ಚು ಒಂದು ನೂರು ಪುಟದ ನೋಟುಪುಸ್ತಕದ್ದು. ಅದರಲ್ಲಿ ಹುಡುಗನ ಹೆಸರು, ನಿಂತ ಜಾಗ, ಕೈಗೆ ಬಂದ ಕ್ಯಾಚ್, ಹಿಡಿದದ್ದು, ಬಿಟ್ಟದ್ದು, ತಡೆದ ಓಟ, ರನ್ ಔಟಿನಲ್ಲಿ ಚೆಂಡು ಹೋದ ಕೈಗಳ ಸರಣಿ. ಕೈಗೆ ಬಂತೋ ಇಲ್ಲವೋ ಎಂಬುದರ ತೀರ್ಮಾನ ಬರೆಯುವವನದೇ. ಅದಕ್ಕೆ ಅಂದಂದಿನ ಜಗಳ ಇದ್ದೇ ಇರುತ್ತದೆ, ಇರಲಿ. ಮೊದಮೊದಲು ‘ಬಿಟ್ಟದ್ದು’ ಎಂಬ ಕಲಮಿನಲ್ಲಿ ತಮ್ಮ ಹೆಸರು ಬಂದಾಗ ಹುಡುಗರು ಮುಖ ಬಾಡಿಸಿಕೊಂಡರು. ಈಗ ಆಟ ಮುಗಿದ ಕೂಡಲೆ ಓಟದ ಪುಟಕ್ಕಿಂತ ಮೊದಲು ಈ ಪುಟಕ್ಕೇ ಮುತ್ತುತ್ತಾರೆ.

ಅಭ್ಯಾಸದ ವಿಷಯದಲ್ಲಿ ಬೇರೆ ಊರಿನ ತಂಡದವರು ಕೇಳುವುದುಂಟಾದ್ದರಿಂದ ಇದನ್ನೂ ಹೇಳಿ ಮುಗಿಸುತ್ತೇನೆ. ಒರಟು ಕಲ್ಲಿನ ಗೋಡೆಯೊಂದು ಇದ್ದರೆ ಸಾಕು. ಆರು ಅಡಿ ದೂರದಲ್ಲಿ ಹುಡುಗ ಗೋಡೆಗೆ ಮುಖ ಮಾಡಿ ಬಗ್ಗಿ ನಿಲ್ಲಬೇಕು, ಇನ್ನೊಬ್ಬ ಅವನ ಬೆನ್ನ ಹಿಂದಿನಿಂದ ಚೆಂಡನ್ನು ಗೋಡೆಗೆ ಎಸೆಯಬೇಕು. ಕಲ್ಲಿನ ಏರುತಗ್ಗಿಗೆ ತಾಗಿ ಅದು ಎಲ್ಲಿಗೆ ಬರುತ್ತದೋ ಅಲ್ಲಿ ಕೈ ಇರಬೇಕು. ಮೊದಲು ಟೆನ್ನಿಸ್ ಚೆಂಡು, ಒಂದು ತಿಂಗಳ ಮೇಲೆ ತೊಗಲಿನ ಚೆಂಡು ಮತ್ತು ಸ್ವಲ್ಪ ದೂರ. ಸೀಳಿದ ಬಿದಿರನ್ನು ಒಳಕ್ಕೆ ಬಾಗಿಸಿ ಕಟ್ಟಿದ ತೊಟ್ಟಿಲಿನಂಥ ಚೌಕಟ್ಟನ್ನೂ ಊರ ಬಡಗಿ ಮಾಡಿಕೊಡಬಲ್ಲ. ಒಂದು ಕಡೆಯಿಂದ ಎಸೆದ ಚೆಂಡು ಅದರ ಮೇಲೆ ಜಾರಿ ಇನ್ನೊಂದು ಕಡೆ ಅಂಚು ತಾಗಿದ ಕ್ಯಾಚಿನಂತೆ ಏಳುತ್ತದೆ. ಈ ಸಲ ಜೋಳದ ಕೊಯ್ಲಾದ ಮೇಲೆ ನಡೆಯುವ ನಮ್ಮ ಆಯ್ಕೆಯಲ್ಲಿ ಪ್ರತಿ ಹುಡುಗನಿಗೂ ಗೋಡೆಯ ಮುಂದೆ ಹನ್ನೆರಡು ಕ್ಯಾಚು ಮೊದಲು, ಬ್ಯಾಟು ಆಮೇಲೆ. ಗುಳೆ ಹೊರಡುವ ಮನೆಯ ಹುಡುಗರದು ಅದಕ್ಕೂ ಹದಿನೈದು ದಿನ ಮುಂಚೆ.